ಎಷ್ಟೊತ್ತಮ್ಮ

ಮುಂದೆ ತಟ್ಟೆ ಬಂದರೆ ಉಳಿದವರು ಬಣ್ಣ ನೋಡುತ್ತಾರೆ, ವಾಸನೆ ಹಿಡಿಯುತ್ತಾರೆ. ಈ ಹೆಂಗಸು ಗಡಿಯಾರ ನೋಡುತ್ತಿದ್ದರು. ಎಡಗೈಯನ್ನು ತಿರುಗಿಸಿ, ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟಿದ್ದ ಗಡಿಯಾರದ ಮೇಲೆ ಒಂದು ಕ್ಷಣ ಕಣ್ಣಿಟ್ಟು, ಮನಸ್ಸಿನಲ್ಲೇ ಏನೋ ಕಳೆದು ಕೂಡಿಸಿ, ಆಮೇಲೆ ತಲೆಯೆತ್ತಿ ಕೇಳುತ್ತಿದ್ದುದು ಒಂದೇ ಮಾತು: "ಮಾಡಿ ಎಷ್ಟು ಹೊತ್ತಾಯ್ತು?" ಗೆಳತಿಯ ಮನೆಯ ಊಟವಾಗಲಿ, ಅಧಿಕಾರಿಗಳು ಕೊಟ್ಟ ಔತಣವಾಗಲಿ, ಆಸ್ಪತ್ರೆಯ ರೋಗಿಗಳಿಗೆ ಹಂಚುವ ಗಂಜಿಯಾಗಲಿ, ಆ ಪ್ರಶ್ನೆಗೆ ಉತ್ತರ ಸಿಗುವ ತನಕ ಅವರ ಕೈ ಮಡಿಲು ಬಿಟ್ಟು ಮೇಲೇಳುತ್ತಿರಲಿಲ್ಲ. ನಮ್ಮ ಬಸ್ ಡಿಪೋದ ಡ್ರೈವರುಗಳು ಅವರನ್ನು ಕಂಡ ಮೂರನೆಯ ದಿನಕ್ಕೇ "ಎಷ್ಟೊತ್ತಮ್ಮ" ಎಂದು ಹೆಸರಿಟ್ಟುಬಿಟ್ಟರು. ಅದು ಅವರ ಕಿವಿಗೆ ಬಿದ್ದಾಗ ಸಿಟ್ಟಾಗುತ್ತಾರೆಂದು ನಾವು ಕಾದಿದ್ದೆವು. "ಇಟ್ಟೋರು ಜಾಣರು," ಎಂದರು. "ಅಡುಗೆಮನೇಲಿ ಎಲ್ಲರೂ ಇದೊಂದು ಪ್ರಶ್ನೆ ಕೇಳಿಕೊಂಡಿದ್ರೆ ನನಗೆ ಅರ್ಧ ಕೆಲಸ ಇರ್ತಿರಲಿಲ್ಲ."

ಅವರು ಸೂಕ್ಷ್ಮಜೀವಿಶಾಸ್ತ್ರಜ್ಞೆ. ಮನುಷ್ಯನ ಕರುಳಿಗಿಳಿದು ರೋಗವೆಬ್ಬಿಸುವ ಬ್ಯಾಕ್ಟೀರಿಯಾಗಳು ಅನ್ನಾಹಾರದ ಒಳಗೆ ಎಲ್ಲಿಂದ ಬರುತ್ತವೆ, ಎಲ್ಲಿ ಅಡಗುತ್ತವೆ, ಎಷ್ಟು ಕಾಲ ಬದುಕುತ್ತವೆ ಎಂಬುದನ್ನು ಇಪ್ಪತ್ತಾರು ವರ್ಷ ಬಿಡದೆ ಬೆನ್ನಟ್ಟಿದವರು. ಅವರ ಪ್ರಯೋಗಾಲಯ ದೊಡ್ಡಾಸ್ಪತ್ರೆಯ ಹಿಂಭಾಗದ ಹಳೆಯ ಕಟ್ಟಡದಲ್ಲಿ, ಎರಡನೆಯ ಮಹಡಿಯಲ್ಲಿತ್ತು. ಕೆಳಗೆ ಔಷಧಿ ಉಗ್ರಾಣ, ಪಕ್ಕದಲ್ಲಿ ಬಟ್ಟೆ ಕುದಿಸುವ ಕೋಣೆ. ಮೆಟ್ಟಿಲ ಮೇಲೆ ಸದಾ ಬೆಂದ ಹತ್ತಿಯ ವಾಸನೆ.

ಆ ಮೆಟ್ಟಿಲಿಳಿದು ಅವರು ಬರುವ ರೀತಿಯನ್ನು ಒಮ್ಮೆ ನೋಡಿದವರು ಮರೆಯುವಂತಿರಲಿಲ್ಲ. ಎರಡೂ ಮೊಣಕೈಗಳನ್ನು ಮೈಯಿಂದ ಒಂದು ಗೇಣು ದೂರ ಹಿಡಿದು, ಕಂಬಿಯನ್ನಾಗಲಿ ಗೋಡೆಯನ್ನಾಗಲಿ ಸೋಕದೆ, ತುಂಬಿದ ಕೊಡ ಹೊತ್ತವರ ನಿಧಾನದಲ್ಲಿ, ಓಣಿಯ ನಟ್ಟನಡುವೆ ನಡೆಯುತ್ತಿದ್ದರು. ಬಾಗಿಲು ಎದುರಾದರೆ ಮೊಣಕೈಯಿಂದ ತಳ್ಳುವುದು. ಹೀಗಾಗಿ ಅವರ ಕಂದು ಸ್ವೆಟರು ಬೇರೆಲ್ಲ ಕಡೆ ಗಟ್ಟಿಮುಟ್ಟಾಗಿದ್ದು ಮೊಣಕೈಯಲ್ಲಿ ಮಾತ್ರ ಜಾಳುಜಾಳಾಗಿತ್ತು. ಅದಕ್ಕೆ ಚರ್ಮದ ತೇಪೆ ಹಾಕಿಕೊಟ್ಟವರು ಅವರ ಯಜಮಾನರು. ಆ ಯಜಮಾನರು ಅಚ್ಚುಕೂಟದಲ್ಲಿ ಕರಡು ತಿದ್ದುವವರು, ಮಾತಿನಲ್ಲಿ ಸ್ವಲ್ಪ ಹುಳಿ. "ನಮ್ಮನೇಲಿ ಮೊಸರಿಗೂ ಹುಟ್ಟಿದ ತಾರೀಕು ಬರೆದಿರುತ್ತೆ," ಎಂದು ನನಗೊಮ್ಮೆ ಹೇಳಿದರು. "ನನ್ನ ಹುಟ್ಟಿದ ದಿನ ಮರೀತಾಳೆ, ಅನ್ನದ್ದು ಮರೆಯಲ್ಲ."

ಸ್ವೆಟರು ಹೊರಗಿನ ಉಡುಪು. ಒಳಗಿನದು ಬಿಳಿಯ ಕೋಟು. ಅದು ಪ್ರಯೋಗಾಲಯದ ಹೊಸ್ತಿಲು ದಾಟಿದ್ದನ್ನು ಕಂಡವರಿಲ್ಲ. ಒಂದು ಸಲ ಆ ಕಟ್ಟಡದಲ್ಲಿ ಬೆಂಕಿಯ ಗಂಟೆ ಹೊಡೆದು, ಜನ ಎದ್ದೆನೋ ಬಿದ್ದೆನೋ ಎಂದು ಅಂಗಳಕ್ಕೆ ಓಡಿದರಂತೆ. ಎಣಿಸಿದರೆ ಒಬ್ಬರು ಕಡಿಮೆ. ಈಯಮ್ಮ ಮೇಲೆ ನಿಧಾನಕ್ಕೆ ಕೋಟು ಬಿಚ್ಚಿ ಮೊಳೆಗೆ ಹಾಕಿ, ಸೋಪು ಹಚ್ಚಿ ಮೊಣಕೈವರೆಗೆ ಕೈ ತೊಳೆದು, ಒರೆಸಿಕೊಂಡು, ಬಾಗಿಲಿಗೆ ಬೀಗ ಹಾಕಿ ಇಳಿದು ಬಂದಿದ್ದಾರೆ. ಅಗ್ನಿಶಾಮಕ ದಳದವನು ಬಾಯಿಗೆ ಬಂದಂತೆ ಬೈದ. "ಬೆಂಕಿ ಹತ್ತಿದ್ರೆ ನಾನೊಬ್ಬಳು ಸುಟ್ಟುಹೋಗ್ತಿದ್ದೆ," ಎಂದರಂತೆ. "ಆ ಕೋಟು ಹೊರಗೆ ಬಂದ್ರೆ ಎಷ್ಟು ಜನ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಇಷ್ಟು ಕೇಳಿದವರು ಇವರನ್ನು ಅತಿ ಮಡಿಯ ಹೆಂಗಸೆಂದು ತಿಳಿಯಬಾರದು. ಕೊಳಕು ಎಂಬ ಪದವನ್ನೇ ಅವರು ಇಷ್ಟಪಡುತ್ತಿರಲಿಲ್ಲ. ಅದು ಬೈಗುಳ, ಅದರಿಂದ ಏನೂ ತಿಳಿಯುವುದಿಲ್ಲ ಎನ್ನುತ್ತಿದ್ದರು. ಮಣ್ಣಿನಲ್ಲಿ ಕೈಯಾಡಿಸುವ ಮಕ್ಕಳನ್ನು ಗದರುತ್ತಿರಲಿಲ್ಲ. ತಾವು ಸಾಕಿಕೊಂಡಿದ್ದ ಬ್ಯಾಕ್ಟೀರಿಯಾಗಳ ಬಗ್ಗೆ ಮಾತಾಡುವಾಗಂತೂ ದನಿಯಲ್ಲಿ ಒಂದು ಬಗೆಯ ಅಕ್ಕರೆ ಇಣುಕುತ್ತಿತ್ತು: "ಪಾಪ, ಅವಕ್ಕೂ ಹೊಟ್ಟೆಪಾಡು. ನಮ್ಮ ಹೊಟ್ಟೇಲಿ ನಡೆಸ್ತಾವೆ, ಅಷ್ಟೇ ತಕರಾರು." ಗಾಜಿನ ತಟ್ಟೆಗಳಲ್ಲಿ ಕೆಂಪು ಅಂಟಿನಂಥ ಮೇವು ಹಾಸಿ, ಅದರ ಮೇಲೆ ಬಿತ್ತಿ, ಮೈಯಷ್ಟೇ ಬಿಸಿಯಿರುವ ಕಾವುಪೆಟ್ಟಿಗೆಯಲ್ಲಿಟ್ಟು, ಮರುದಿನ ಬೆಳಿಗ್ಗೆ ತೆರೆಯುವಾಗ ಅವರ ಮುಖ ನೋಡಬೇಕು, ಅಂಗಡಿಯವನು ಕದ ತೆಗೆಯುವಾಗಿನ ಮುಖವೇ.

ಅವರ ಹಟದ ಸಂಶೋಧನೆ ಹೆಚ್ಚುವ ಹಲಗೆಗಳದು. ಮರದ ಹಲಗೆಯ ಚಾಕುಗೆರೆಗಳಲ್ಲಿ ಇಳಿದ ಬ್ಯಾಕ್ಟೀರಿಯಾ ಬರೀ ಒರೆಸಿದರೆ ಎಷ್ಟು ದಿನ, ತೊಳೆದು ಒಣಗಿಸಿದರೆ ಎಷ್ಟು ತಾಸು ಉಳಿಯುತ್ತದೆಂದು ತಿಳಿಯಲು ಅವರು ಮನೆಮನೆ, ಹೋಟೆಲು ಹೋಟೆಲು ತಿರುಗಿ, ಹೊಸ ಹಲಗೆ ಕೊಟ್ಟು ಹಳೆಯದನ್ನು ಈಸಿಕೊಂಡು ಬರುತ್ತಿದ್ದರು. ಗೋಡೆಯುದ್ದಕ್ಕೂ ಅಟ್ಟಣಿಗೆಯಲ್ಲಿ ನೂರಾರು ಹಲಗೆಗಳು, ಒಂದೊಂದಕ್ಕೂ ದಾರದಲ್ಲಿ ಕಟ್ಟಿದ ಚೀಟಿ. ಆ ಸಾಲಿಗೆ ನನ್ನದೂ ಸೇರಿತು. ಹೊಸದನ್ನು ಕೊಟ್ಟು ಈಸಿಕೊಂಡದ್ದಲ್ಲ, ಜಪ್ತಿ ಮಾಡಿಕೊಂಡು ಹೋದದ್ದು.

ನಾನು ಡಿಪೋದ ಕ್ಯಾಂಟೀನು ನಡೆಸುವವನು. ನಡೆಸುವವನೆಂದರೆ ಸಾಮಾನು ತರುವುದು, ಹೆಚ್ಚುವುದು, ಎದುರು ಮಾತಾಡಿದವರ ಮೇಲೆ ರೇಗುವುದು ನನ್ನ ಪಾಲು. ಒಲೆ ಮಾತ್ರ ನಮ್ಮಕ್ಕನದು. ಅಮ್ಮ ಹೋದಾಗ ನಾನು ನಾಲ್ಕನೆಯ ಕ್ಲಾಸು. ಅಲ್ಲಿಂದ ನನ್ನನ್ನು ಉಣಿಸಿ ಬೆಳೆಸಿದವಳು, ಇಪ್ಪತ್ತೆರಡು ವರ್ಷ ಆ ಒಲೆಯ ಮುಂದೆ ನಿಂತವಳು ಅವಳೇ. ಒಂದು ಬುಧವಾರ ಮಧ್ಯಾಹ್ನ ಅನ್ನ, ಕೋಳಿ, ಹೆಚ್ಚಿದ ಸೌತೆಕಾಯಿ ಬಡಿಸಿದೆವು. ಗುರುವಾರ ಬೆಳಿಗ್ಗೆಯಿಂದ ಡ್ರೈವರು ಕಂಡಕ್ಟರುಗಳು ಒಬ್ಬೊಬ್ಬರಾಗಿ ಹೊಟ್ಟೆ ಹಿಡಿದುಕೊಂಡು ಬಿದ್ದರು. ಸಂಜೆಗೆ ನಲವತ್ತಮೂರು ಜನ. ಎರಡು ದಿನ ಊರಿನ ಅರ್ಧ ಬಸ್ಸುಗಳು ಡಿಪೋ ಬಿಟ್ಟು ಕದಲಲಿಲ್ಲ. ಒಬ್ಬ ಮುದುಕ ಕಂಡಕ್ಟರು ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ.

ಶುಕ್ರವಾರ ಈಯಮ್ಮ ಬಂದರು. ಉಳಿದಿದ್ದ ಸೌತೆಕಾಯಿ, ಒಲೆಕಟ್ಟೆಯ ಮೂಲೆ, ನಲ್ಲಿಯ ತಿರುಪು, ಎಲ್ಲದರ ಮೇಲೂ ಹತ್ತಿ ಸುತ್ತಿದ ಕಡ್ಡಿ ಆಡಿಸಿ ಕೊಳವೆಗಳಿಗೆ ಇಳಿಸಿಕೊಂಡರು. ನನ್ನ ಹಲಗೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಕೊನೆಗೆ ಕ್ಯಾಂಟೀನಿನಲ್ಲಿ ಕೆಲಸ ಮಾಡುವ ನಮ್ಮ ಐದೂ ಜನಕ್ಕೆ ಮುಚ್ಚಳವಿರುವ ಒಂದೊಂದು ಪುಟ್ಟ ಡಬ್ಬಿ ಕೊಟ್ಟು, ನಾಳೆ ಬೆಳಿಗ್ಗೆ ಇದರಲ್ಲಿ ಏನು ತಂದುಕೊಡಬೇಕೆಂಬುದನ್ನು ಅಂಜಿಕೆಯಾಗಲಿ ನಗುವಾಗಲಿ ಇಲ್ಲದೆ ಹೇಳಿದರು.

"ಅಮ್ಮಾ, ನಾನು ಊಟ ಹಾಕೋನು. ಇದನ್ನ ಡಬ್ಬೀಲಿ ಕಟ್ಟಿಕೊಡೋ ಕೆಲಸ ನಂದಲ್ಲ," ಎಂದೆ.

"ಒಂದು ಚಮಚೆಯಷ್ಟು ಸಾಕು," ಎಂದರು. "ಡಬ್ಬಿ ಮೇಲೆ ಹೆಸರು ಬರೀರಿ. ಅದಲು ಬದಲಾದ್ರೆ ಕಷ್ಟ."

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಆಮೇಲೆ ಬಹಳ ದಿನ ಅವಳು ನಗಲಿಲ್ಲ.

ಆರನೆಯ ದಿನಕ್ಕೆ ವರದಿ ಬಂತು. ರೋಗಕ್ಕೆ ಕಾರಣ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ. ಅದು ಸೌತೆಕಾಯಿಯಲ್ಲಿತ್ತು, ಹಲಗೆಯ ಎರಡೂ ಮುಖದಲ್ಲಿತ್ತು, ನಮ್ಮ ಐವರಲ್ಲಿ ಅಕ್ಕನ ಡಬ್ಬಿಯಲ್ಲಿ ಮಾತ್ರ ಇತ್ತು. ರೋಗದ ಯಾವ ಲಕ್ಷಣವೂ ಕಾಣದೆ ಅದನ್ನು ಒಡಲಲ್ಲಿ ಹೊತ್ತು ತಿರುಗುವವರಿರುತ್ತಾರಂತೆ. ಅಕ್ಕನ ಕೈಯಿಂದ ಹಲಗೆಗೆ, ಹಲಗೆಯಿಂದ ತಟ್ಟೆಗೆ: ಡಿಪೋ ಮ್ಯಾನೇಜರು ಸರಾಗವಾಗಿ ಓದಿ ಮುಗಿಸಿದರು. ಹತ್ತು ದಿನ ಮುಚ್ಚಿದ್ದ ಕ್ಯಾಂಟೀನನ್ನು ಮತ್ತೆ ತೆರೆಯಲು ಅಪ್ಪಣೆಯಾಯಿತು, ಅಕ್ಕ ಒಳಗೆ ಕಾಲಿಡಬಾರದೆಂಬ ಒಂದೇ ಷರತ್ತಿನ ಮೇಲೆ.

ಅವಳು ಮನೆಯ ಹೊರಬಾಗಿಲ ಮೆಟ್ಟಿಲಲ್ಲಿ ಕೂತಳು. ತನ್ನ ತಟ್ಟೆ ಲೋಟ ಬೇರೆ ಮಾಡಿಕೊಂಡಳು. ಮೊಮ್ಮಗಳು ಓಡಿ ಬಂದು ಕುತ್ತಿಗೆಗೆ ಜೋತುಬಿದ್ದರೆ ಎರಡೂ ಕೈ ಮೇಲೆತ್ತಿಬಿಡುತ್ತಿದ್ದಳು, ಪೊಲೀಸರ ಮುಂದೆ ನಿಂತವರ ಹಾಗೆ. ಬೀದಿಯಲ್ಲಿ ಹೋಗುವ ಡ್ರೈವರುಗಳು ಮೊದಲೆಲ್ಲ "ಏನಕ್ಕಾ, ಇವತ್ತೇನು ಬೇಯಿಸಿದೀಯಾ?" ಎನ್ನುತ್ತಿದ್ದವರು ಈಗ ಆಚೆ ಬದಿಗೆ ಸರಿದು ಹೋದರು. "ಹೊಟ್ಟೇಲಿ ಏನು ಸಾಕ್ಕೊಂಡಿದೀನೋ, ನನಗೇ ಗೊತ್ತಿಲ್ವಲ್ಲೋ," ಎಂದಳು ಒಂದು ದಿನ. ನಾನು ಅಲ್ಲಿಂದಲೇ ದೊಡ್ಡಾಸ್ಪತ್ರೆಗೆ ಹೊರಟೆ.

ಪ್ರಯೋಗಾಲಯದ ಮೆಟ್ಟಿಲು ಹತ್ತಿ, ಬಾಗಿಲಲ್ಲೇ ನಿಂತು, ನನಗೆ ಬಂದಷ್ಟೂ ಮಾತು ಆಡಿದೆ. ಅವರು ತಡೆಯಲಿಲ್ಲ. ನನ್ನ ಹಲಗೆಯನ್ನು ಗರಗಸದಲ್ಲಿ ಬಿಸ್ಕತ್ತಿನಷ್ಟು ತೆಳ್ಳಗೆ ಕುಯ್ದು ಮೇಜಿನ ಮೇಲೆ ಜೋಡಿಸಿಟ್ಟಿದ್ದರು. ಅದನ್ನು ನೋಡಿ ನನ್ನ ಮಾತು ಎಲ್ಲೋ ನಡುವೆ ತುಂಡಾಯಿತು. ಅವರು ಕೆಂಪು ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ಅದರ ತುಂಬ ಮೀನಿನ ಕಣ್ಣಿನಂಥ ಕಪ್ಪು ಚುಕ್ಕೆಗಳು.

"ಇದು ನಿಮ್ಮಕ್ಕನದು. ಹೀಗೆ ಬಂದಿದೆ, ಹಾಗಾಗಿ ಹೀಗೆ ಬರೆದಿದೀನಿ. ಇನ್ನೊಂದು ಸಲ ಡಬ್ಬಿ ತಂದುಕೊಡಿ."

"ಇನ್ನೆಷ್ಟು ಸಲ ಅವಳ ಮಾನ ತೆಗೀತೀರಾ?"

"ಇನ್ನೊಂದು. ಅದಾದ ಮೇಲೆ ಇನ್ನೊಂದು. ನನಗಿನ್ನೂ ಸಮಾಧಾನ ಆಗಿಲ್ಲ."

ಎರಡು ಸಲ ಕೊಟ್ಟೆವು. ಎರಡು ಸಲವೂ ತಟ್ಟೆಯಲ್ಲಿ ಏನೂ ಬೆಳೆಯಲಿಲ್ಲ. ಅದರಿಂದ ಅಕ್ಕನಿಗೇನೂ ಲಾಭವಾಗಲಿಲ್ಲ, ಏಕೆಂದರೆ ಹೊತ್ತು ತಿರುಗುವವರ ಒಡಲಿನಿಂದ ಅದು ಒಂದು ದಿನ ಹೊರಬೀಳುತ್ತದೆ, ಒಂದು ದಿನ ಇಲ್ಲ ಎಂಬುದು ಪುಸ್ತಕದಲ್ಲೇ ಇದೆ. ವರದಿಯನ್ನು ಹಾಗೇ ಬಿಟ್ಟಿದ್ದರೆ ಯಾರೂ ಏನೂ ಅನ್ನುವಂತಿರಲಿಲ್ಲ. ಆರೋಗ್ಯ ಇಲಾಖೆಯವರಿಗೆ ಕಡತ ಮುಚ್ಚಿದರೆ ಸಾಕಿತ್ತು. ಮ್ಯಾನೇಜರಿಗೆ ಬಸ್ಸು ಓಡಿದರೆ ಸಾಕಿತ್ತು.

ಮುಂದಿನದನ್ನು ನನಗೆ ಹೇಳಿದವರು ಆ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷ ಅವರ ಜೊತೆಗಿದ್ದ ಸಹಾಯಕಿ. ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮೇಲೆ ಬೇರೆ ಬೇರೆ ಔಷಧಿಯ ಬಿಲ್ಲೆಗಳನ್ನಿಟ್ಟು, ಯಾವುದಕ್ಕೆ ಅದು ಸಾಯುತ್ತದೆಂದು ನೋಡುವುದು ಅಲ್ಲಿನ ಪದ್ಧತಿ. ಡ್ರೈವರುಗಳದು, ಹಲಗೆಯದು, ಸೌತೆಕಾಯಿಯದು, ಮೂರೂ ಒಂದು ಬಿಲ್ಲೆಗೆ ಜಗ್ಗಿರಲಿಲ್ಲ. ಅಕ್ಕನದು ಮಾತ್ರ ಅದಕ್ಕೂ ಸತ್ತಿತ್ತು. ಅಂಥ ವ್ಯತ್ಯಾಸ ಆಗಾಗ ಬರುತ್ತದಂತೆ, ಜನ ಅದನ್ನು ದಾಟಿಹೋಗುತ್ತಾರಂತೆ. ಇವರು ಆ ಎರಡು ತಟ್ಟೆಗಳನ್ನು ಕಿಟಕಿಯ ಬಳಿ ಹಿಡಿದುಕೊಂಡು ಒಂದು ಬೆಳಗ್ಗೆಯೆಲ್ಲ ನಿಂತರು. ಆಮೇಲೆ ಬ್ಯಾಕ್ಟೀರಿಯಾದ ವಂಶವನ್ನು ಅಕ್ಷರ ಅಕ್ಷರವಾಗಿ ಓದಬಲ್ಲ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಲು ಕೊಳವೆಗಳನ್ನು ಸಿದ್ಧ ಮಾಡಿದರು: ಡ್ರೈವರುಗಳದೊಂದು, ಹಲಗೆಯದೊಂದು, ಅಕ್ಕನದೊಂದು. ಸಹಾಯಕಿ ಪೆಟ್ಟಿಗೆ ಮುಚ್ಚಲು ಹೋದರೆ ಕೈ ಅಡ್ಡ ಹಿಡಿದರು. ಶೀತಪೆಟ್ಟಿಗೆ ತೆರೆದು ನಾಲ್ಕನೆಯದೊಂದನ್ನು ತಂದಿಟ್ಟರು. ಅದು ಅವರದೇ ಸಾಲ್ಮೊನೆಲ್ಲಾ. ಮೇವು, ಔಷಧಿ, ಕಾವು ಎಲ್ಲ ಸರಿಯಾಗಿವೆಯೇ ಎಂದು ಪ್ರತಿ ಪರೀಕ್ಷೆಯ ಜೊತೆಗೂ ತಾಳೆ ನೋಡಲು ವರ್ಷಗಟ್ಟಲೆ ಸಾಕಿಕೊಂಡು ಬಂದದ್ದು.

"ಮೇಡಂ, ನಮ್ಮದನ್ನ ಯಾಕೆ ಕಳಿಸ್ತೀರಾ? ಅದನ್ನ ಯಾರು ಕೇಳಿದ್ದಾರೆ?"

"ನಾನು ಕೇಳ್ತಿದೀನಲ್ಲ."

ಮೂರು ವಾರಕ್ಕೆ ಉತ್ತರ ಬಂತು. ಡ್ರೈವರುಗಳದೂ ಹಲಗೆಯದೂ ಒಂದೇ. ಅಕ್ಕನದೂ ಶೀತಪೆಟ್ಟಿಗೆಯದೂ ಒಂದೇ, ಒಂದಕ್ಷರ ಹೆಚ್ಚುಕಡಿಮೆ ಇಲ್ಲ. ಎಂದರೆ ನಮ್ಮಕ್ಕನ ಒಡಲಲ್ಲಿ ಏನೂ ಇರಲಿಲ್ಲ. ಪರೀಕ್ಷೆಯ ಮೇಜಿನ ಮೇಲೆ, ಒಂದು ತಟ್ಟೆಯಿಂದ ಇನ್ನೊಂದಕ್ಕೆ, ಪ್ರಯೋಗಾಲಯದ ಬ್ಯಾಕ್ಟೀರಿಯಾವೇ ಹಾರಿತ್ತು. ಎಲ್ಲ ಡಬ್ಬಿಗಳ ಕೆಲಸ ಮುಗಿದ ಮೇಲೆಯೇ, ಕಟ್ಟಕಡೆಗೆ, ಅದನ್ನು ಮುಟ್ಟಬೇಕೆಂಬುದು ಅವರೇ ಮಾಡಿದ್ದ ನಿಯಮ. ನಮ್ಮ ಡಬ್ಬಿಗಳು ಹೋದ ಆ ಒಂದು ಬೆಳಿಗ್ಗೆ ಅದು ಮೊದಲಾಗಿತ್ತು. ಅಂದು ತಟ್ಟೆಗಳಿಗೆ ಬಿತ್ತುವ ತಂತಿಯ ಕುಣಿಕೆ ಹಿಡಿದಿದ್ದವರೂ ಅವರೇ.

ಅವರು ಡಿಪೋಕ್ಕೆ ಬಂದದ್ದು ಮಧ್ಯಾಹ್ನ, ಪಾಳಿ ಬದಲಾಗುವ ಹೊತ್ತಿಗೆ, ಊಟದ ಕೋಣೆ ಭರ್ತಿಯಿದ್ದಾಗ. ಆ ಹೊತ್ತನ್ನು ಬೇಕೆಂದೇ ಆರಿಸಿಕೊಂಡಿದ್ದರು. ಮೊದಲು ಮ್ಯಾನೇಜರ ಕೋಣೆಗೆ ಹೋದರು. ನಾನು ಬಾಗಿಲ ಹೊರಗಿದ್ದೆ.

"ತಿದ್ದಿ ಒಂದು ಕಾಗದ ಕಳಿಸಿದ್ರೆ ಆಗೋದಲ್ಲ ಮೇಡಂ," ಎಂದರು ಮ್ಯಾನೇಜರು. "ನೀವೇ ಬಂದು, ಎಲ್ಲರ ಮುಂದೆ... ನಿಮ್ಮ ಹೆಸರು ಏನಾಗಬೇಕು?"

"ಕಾಗದ ಓದೋರು ನೀವು. ಆಕೆ ಬಗ್ಗೆ ಮಾತಾಡಿರೋರು ಅಲ್ಲಿ ಕೂತಿದ್ದಾರೆ."

ನನ್ನ ಕಡೆ ತಿರುಗಿ, ಅಕ್ಕನನ್ನು ಕರೆದುಕೊಂಡು ಬರುವಂತೆ ಹೇಳಿದರು. ಮನೆಗೆ ಓಡಿದೆ. ಅಕ್ಕ ಬರಲೊಲ್ಲಳು. "ಇನ್ನೇನು ಬಾಕಿ ಉಳಿದಿದೆಯೋ ನನ್ನ ಹೊಟ್ಟೇಲಿ, ಅವರಿಗೆ ಕೊಡೋಕೆ?" ಎಂದಳು. ಕೈ ಹಿಡಿದು ಎಳೆದುಕೊಂಡೇ ಬಂದೆ; ಎಷ್ಟೋ ದಿನಗಳ ಮೇಲೆ ಅವಳ ಕೈಯನ್ನು ಯಾರಾದರೂ ಹಿಡಿದದ್ದು.

ಊಟದ ಕೋಣೆಯಲ್ಲಿ ಅರವತ್ತು ಎಪ್ಪತ್ತು ಜನ. ಈಯಮ್ಮ ಅಕ್ಕನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿ, ತಾವು ನಿಂತೇ ಮಾತಾಡಿದರು. ದನಿ ಏರಲಿಲ್ಲ, ನಡುಗಲೂ ಇಲ್ಲ. ತಟ್ಟೆಯಲ್ಲಿ ಕಂಡದ್ದನ್ನು ಓದಿ ಹೇಳುವ ದನಿಯೇ.

"ಇವರಿಂದ ನಿಮಗೆ ಕಾಯಿಲೆ ಬಂತು ಅಂತ ನಾನು ಬರೆದಿದ್ದೆ. ಅದು ತಪ್ಪು. ಇವರ ಹೊಟ್ಟೇಲಿ ಆ ರೋಗ ಇಲ್ಲ, ಇರಲೂ ಇಲ್ಲ. ನಮ್ಮ ಲ್ಯಾಬಿನ ಬ್ಯಾಕ್ಟೀರಿಯಾ ಇವರ ತಟ್ಟೆಗೆ ಬಿತ್ತು. ಬೀಳಿಸಿದೋಳು ನಾನು. ಅವಸರ ಇತ್ತು ಅಂತ ಹೇಳಲ್ಲ, ಅವಸರ ದಿನಾ ಇರುತ್ತೆ."

ಅಕ್ಕ ಅವರ ಮುಖವನ್ನೇ ನೋಡುತ್ತಿದ್ದಳು. ಹಿಂದಿನ ಬೆಂಚಿನಿಂದ, ಒಂಬತ್ತು ದಿನ ಮಲಗಿದ್ದ ಆ ಮುದುಕ ಕಂಡಕ್ಟರು ಕೇಳಿದ: "ಅದು ಸರಿ ತಾಯಿ. ಹಾಗಾದ್ರೆ ನಮಗೆ ಎಲ್ಲಿಂದ ಬಂತು?"

"ಕೋಳಿಯಿಂದ. ಅದು ಹಸಿ ಕೋಳಿ ಜೊತೆಗೇ ಬರುತ್ತೆ. ಬೇಯಿಸಿದ್ರೆ ಸಾಯುತ್ತೆ. ಕೋಳಿ ಹೆಚ್ಚಿದ ಹಲಗೆಯಿಂದ ಸೌತೆಕಾಯಿಗೆ ಹತ್ತಿದೆ. ಸೌತೆಕಾಯಿನ ಯಾರೂ ಬೇಯಿಸಲ್ಲ."

"ಎರಡನ್ನೂ ಒಂದೇ ಹಲಗೆ ಮೇಲೆ ಹೆಚ್ಚಿದ್ದು ಯಾರು?"

ಅವರಿಗೆ ಗೊತ್ತಿತ್ತು. ಹಲಗೆಯನ್ನು ಜಪ್ತಿ ಮಾಡಿದ ದಿನವೇ ನನ್ನನ್ನು ಕೇಳಿ ಬರೆದುಕೊಂಡಿದ್ದರು. ಆದರೂ ನನ್ನ ಕಡೆ ತಿರುಗಲಿಲ್ಲ, ಕಣ್ಣಂಚನ್ನೂ ಹಾಯಿಸಲಿಲ್ಲ. "ಅದು ನನ್ನ ಪರೀಕ್ಷೆಯಲ್ಲಿ ತಿಳಿಯೋ ವಿಷಯ ಅಲ್ಲ," ಎಂದಷ್ಟೇ ಹೇಳಿದರು.

ನಿಜ ಹೇಳಬೇಕು. ಅಕ್ಕನಿಗಾಗಿ ನಾನು ಮೆಟ್ಟಿಲು ಹತ್ತಿ ಕೂಗಾಡಿದ್ದೆನಲ್ಲ, ಆ ಕೂಗಾಟದ ಕೆಳಗೆ ಇನ್ನೊಂದು ಮಾತು ಒತ್ತಿಕೊಂಡು ಕೂತಿತ್ತು. ಕೋಳಿಗೆ ಹಲಗೆಯ ಒಂದು ಮುಖ, ತರಕಾರಿಗೆ ಇನ್ನೊಂದು ಮುಖ: ಇದು ಹದಿನಾಲ್ಕು ವರ್ಷ ನಾನು ನಡೆಸಿಕೊಂಡು ಬಂದ ಕ್ರಮ. ಎರಡು ಹಲಗೆ ಇಟ್ಟುಕೋ ಎಂದು ಅಕ್ಕ ಹೇಳಿದಾಗಲೆಲ್ಲ, ಎರಡು ಮುಖ ಇದೆಯಲ್ಲ, ಎರಡು ಹಲಗೆ ಇದ್ದ ಹಾಗೇ ಎಂದು ಬಾಯಿ ಮುಚ್ಚಿಸಿದ್ದೆ. ಕೋಳಿ ಹೆಚ್ಚುವಾಗ ಅದರ ನೀರು ಕಟ್ಟೆಯ ಮೇಲೆ ಇಳಿದು ಹಲಗೆಯ ಅಡಿಗೆ ಹೋಗುತ್ತದೆ, ಮಗುಚಿದರೆ ಆ ಅಡಿಯೇ ಸೌತೆಕಾಯಿಗೆ ಮೇಲಾಗುತ್ತದೆ ಎಂದು ಅಷ್ಟು ವರ್ಷ ನನ್ನ ತಲೆಗೆ ಹೊಳೆದಿರಲಿಲ್ಲ. ವರದಿಯಲ್ಲಿ "ಎರಡೂ ಮುಖ" ಎಂದು ಓದಿದ ದಿನ ಹೊಳೆಯಿತು. ಹೊಳೆದ ಮೇಲೂ ಸುಮ್ಮನಿದ್ದೆ. ಅಕ್ಕನ ಹೆಸರು ಅಲ್ಲಿರುವ ತನಕ ನನ್ನ ಹೆಸರು ಬರುವಂತಿರಲಿಲ್ಲ.

"ನಾನು," ಎಂದೆ. "ಹೆಚ್ಚಿದ್ದು ನಾನು. ಅಕ್ಕ ಬೇಡ ಅಂದಿದ್ಲು."

ಮುದುಕ ಕಂಡಕ್ಟರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. "ಒಂಬತ್ತು ದಿನ ಕಣಯ್ಯಾ," ಎಂದ. "ಒಂಬತ್ತು ದಿನ ನನ್ನ ಪ್ರಾಣ ಬಾಯಿಗೆ ಬಂದಿತ್ತು." ಮತ್ತೊಬ್ಬ, "ಆ ಎರಡು ಮುಖದ ಹಲಗೇನ ಇವನ ತಲೆ ಮೇಲೇ ಮಗುಚಿ," ಎಂದ. ನಗು ಎದ್ದಿತು, ಅದರಲ್ಲಿ ಸಿಟ್ಟೂ ಇತ್ತು.

ಅಕ್ಕ ಕುರ್ಚಿಯಿಂದ ಎದ್ದಳು. ಈಯಮ್ಮನ ಮುಂದೆ ಹೋಗಿ ನಿಂತು, "ನೀವು ಹೇಳದೆ ಇದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತು?" ಎಂದು ಕೇಳಿದಳು. ಅದು ಕೃತಜ್ಞತೆಯ ಮಾತಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದು.

"ಯಾರಿಗೂ ಗೊತ್ತಾಗ್ತಿರಲಿಲ್ಲ," ಎಂದರು ಅವರು. "ಅದೇ ಕಷ್ಟ."

ಅಕ್ಕ ತಲೆಯಾಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರ ಅಪ್ಪಣೆಗೂ ಕಾಯದೆ ಅಡುಗೆಮನೆಗೆ ಹೋದಳು. ಒಳಗಿನಿಂದ ಅವಳ ದನಿ ಕೇಳಿತು: "ಈ ಪಾತ್ರೆ ಉಜ್ಜಿದ್ದು ಯಾರು? ಕೈಯಲ್ಲಿ ಬಲ ಇಲ್ವಾ?"

ಈಯಮ್ಮನಿಗೆ ಆದದ್ದನ್ನೂ ಹೇಳಬೇಕು. ಮೇಲಿನವರಿಂದ ನೋಟೀಸು ಬಂತು. ಒಂದು ವರ್ಷ ಅವರ ಪ್ರತಿ ವರದಿಗೂ ಇನ್ನೊಬ್ಬರ ರುಜು ಬೇಕಾಯಿತು. ಆ ಇನ್ನೊಬ್ಬ ಅವರ ಕೈಕೆಳಗೇ ಕಲಿತವನು. ಹಲಗೆಗಳ ಮೇಲಿನ ಪ್ರಬಂಧದಿಂದ ಆ ತಿಂಗಳ ಎಲ್ಲ ಫಲಿತಾಂಶಗಳನ್ನು ತಾವಾಗಿಯೇ ಹೊಡೆದುಹಾಕಿದ್ದರಿಂದ ಅದು ಎರಡು ವರ್ಷ ತಡವಾಗಿ ಅಚ್ಚಾಯಿತು. ಈ ಬಗ್ಗೆ ಅವರು ಕೊರಗಿದ್ದನ್ನಾಗಲಿ ಹೆಮ್ಮೆಪಟ್ಟದ್ದನ್ನಾಗಲಿ ನಾನು ಕಾಣೆ. ಯಜಮಾನರು ಮಾತ್ರ ಒಮ್ಮೆ, "ತಪ್ಪು ಹಿಡಿಯೋದು ನನ್ನ ಕಸುಬು. ನನ್ನ ತಪ್ಪು ನಾನು ಹಿಡಿದದ್ದು ಕಡಿಮೆ," ಎಂದು ಹೇಳಿ, ಕೈಯಲ್ಲಿದ್ದ ಕರಡಿನ ಕಡೆಗೆ ಬಗ್ಗಿದರು.

ಇಂಥ ಜನ ಎಲ್ಲ ಕಡೆಯೂ ಒಬ್ಬರೋ ಇಬ್ಬರೋ ಇರುತ್ತಾರೆ. ನೀರು ಪರೀಕ್ಷಿಸುವವರು, ತಕ್ಕಡಿಗೆ ಮುದ್ರೆ ಒತ್ತುವವರು, ಸೇತುವೆಯ ಕೆಳಗಿಳಿದು ಸುತ್ತಿಗೆಯಿಂದ ತಟ್ಟಿ ನೋಡುವವರು. ಅವರ ಜೊತೆ ಬಾಳುವುದು ಸಲೀಸಲ್ಲ, ಅವರನ್ನು ಊಟಕ್ಕೆ ಕರೆಯುವುದಂತೂ ತಲೆನೋವು. ನಮ್ಮನ್ನು ಅನುಮಾನಿಸುತ್ತಾರೆಂದು ನಾವು ರೇಗುತ್ತೇವೆ. ಆ ಅನುಮಾನವನ್ನು ಅವರು ಮೊದಲು ತಮ್ಮ ಮೇಲೆಯೇ ತಿರುಗಿಸಿಕೊಂಡಿರುತ್ತಾರೆಂದು ನಮಗೆ ಕಾಣುವುದಿಲ್ಲ, ಅವರು ತೋರಿಸುವುದೂ ಇಲ್ಲ. ಗುರುತಿಲ್ಲದವರು ಬಡಿಸಿದ್ದನ್ನು ನಾವು ದಿನವೂ ನಿಶ್ಚಿಂತೆಯಿಂದ ಉಂಡು ಏಳುತ್ತೇವಲ್ಲ, ಆ ನಂಬಿಕೆ ನಿಂತಿರುವುದು ತಮ್ಮನ್ನೇ ನಂಬದ ಈ ಕೆಲವರ ಮೇಲೆ.